ಮೀಟರ್ ಮುಳ್ಳು ಏಳುತ್ತಿಲ್ಲ, ಸೆನ್ಸರ್ ಬದಲಿಸಲೇ?

ಈ ತಿಂಗಳು ಬಂದ ಪತ್ರಗಳಲ್ಲಿ ಸ್ಪೀಡ್ ಮೀಟರಿನ ತಕರಾರೇ ಜಾಸ್ತಿ. ಮಳೆ ಹಿಡಿದ ಮೇಲೆ ಸಾಗರದ ನಮ್ಮ ಶೆಡ್ಡಿಗೂ ಇದೇ ದೂರಿನ ಗಾಡಿಗಳು ಬರುತ್ತಿವೆ. ಹಾಗಾಗಿ ಈ ಸಲ ಅಂಥ ಪತ್ರಗಳನ್ನೇ ಎತ್ತಿಕೊಂಡಿದ್ದೇನೆ.

*ಪ್ರಶ್ನೆ: ನನ್ನದು 2014ರ ಪೆಟ್ರೋಲ್ ಕಾರು. ಓಡುತ್ತಿರುವಾಗಲೇ ಮೀಟರಿನ ಮುಳ್ಳು ಸೊನ್ನೆಗೆ ಬೀಳುತ್ತದೆ, ಸ್ವಲ್ಪ ಹೊತ್ತಿಗೆ ತಾನೇ ಏಳುತ್ತದೆ. ಅಷ್ಟು ಹೊತ್ತು ಕಿಲೋಮೀಟರೂ ಓಡುವುದಿಲ್ಲ. ಸಿಗ್ನಲ್ ಹತ್ತಿರ ನಿಧಾನ ಮಾಡಿದರೆ ಕೆಲವೊಮ್ಮೆ ಎಂಜಿನ್ ಆಫ್. ಗ್ಯಾರೇಜಿನಲ್ಲಿ ಪಿ0500 ಕೋಡ್ ಬಂತೆಂದು ಸೆನ್ಸರ್ ಬದಲಿಸಿದರು. ಒಂದು ವಾರ ಸರಿ ಇತ್ತು, ಈಗ ಮತ್ತೆ ಅದೇ ಕತೆ. ಹೊಸ ಸೆನ್ಸರ್ ಡೂಪ್ಲಿಕೇಟ್ ಇರಬಹುದೇ?*
— ಓದುಗರು, ತಿಪಟೂರು

ಇರಬಹುದು. ಆದರೆ ನನ್ನ ಅನುಮಾನ ವೇಗ ಅಳೆಯುವ ಆ ಸೆನ್ಸರಿನ ಮೇಲಿಲ್ಲ, ಅದರ ಕಪ್ಲರಿನ ಮೇಲೆ, ಅಂದರೆ ಸೆನ್ಸರಿಗೆ ವೈರುಗಳನ್ನು ಸೇರಿಸುವ ಪ್ಲಗ್ಗಿನ ಮೇಲೆ.

ಪಿ0500 ಅಂದರೆ ‘ಸೆನ್ಸರ್ ಕೆಟ್ಟಿದೆ’ ಅಂತಲ್ಲ. ಎಂಜಿನ್ ನೋಡಿದರೆ ಗಾಡಿ ಓಡುತ್ತಿರುವ ಹಾಗಿದೆ, ಆದರೆ ವೇಗದ ಲೆಕ್ಕ ನನಗೆ ಬರುತ್ತಿಲ್ಲ ಅಂತ ಎಂಜಿನ್ ಕಂಪ್ಯೂಟರ್ ಹೇಳುತ್ತಿದೆ, ಅಷ್ಟೇ. ಆ ಲೆಕ್ಕ ದಾರಿಯಲ್ಲಿ ಎಲ್ಲಿ ಬೇಕಾದರೂ ಕಳೆದುಹೋಗಿರಬಹುದು. ನಮ್ಮಲ್ಲಿ ಕೋಡನ್ನು ಡಾಕ್ಟರ ಚೀಟಿಯ ಹಾಗೆ ಹಿಡಿದುಕೊಂಡು ನೇರ ಸ್ಪೇರ್ ಪಾರ್ಟ್ಸ್ ಅಂಗಡಿಗೆ ಓಡುತ್ತಾರೆ. ದುಡ್ಡು ನಿಮ್ಮದು ತಾನೇ!

ಮೊದಲು ಒಂದು ಕೆಲಸ ಮಾಡಿ. ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಪೋರ್ಟ್ ಇರುತ್ತದೆ. ಮೊಬೈಲಿಗೆ ಸೇರಿಸುವ ಸಾದಾ ಬ್ಲೂಟೂತ್ ಸ್ಕ್ಯಾನರ್ ಸಾಕು. ಪಕ್ಕದಲ್ಲಿ ಒಬ್ಬರನ್ನು ಕೂರಿಸಿಕೊಂಡು ಗಾಡಿ ಓಡಿಸಿ, ಮೊಬೈಲ್ ಅವರ ಕೈಯಲ್ಲಿರಲಿ. ಮುಳ್ಳು ಬಿದ್ದಾಗ ಸ್ಕ್ಯಾನರಿನಲ್ಲಿ ವೇಗ ಎಷ್ಟಿದೆ? ಮುಳ್ಳು ಸೊನ್ನೆಯಲ್ಲಿದ್ದು ಸ್ಕ್ಯಾನರ್ 40 ತೋರಿಸಿದರೆ ತಪ್ಪು ಮೀಟರ್ ಬೋರ್ಡಿನದು, ಇಲ್ಲವೇ ಅದಕ್ಕೆ ಹೋಗುವ ವೈರಿನದು. ಎರಡೂ ಒಟ್ಟಿಗೆ ಸೊನ್ನೆಯಾದರೆ ಸೆನ್ಸರ್ ಕಡೆ ಇಳಿಯಿರಿ. ನಿಮ್ಮ ಗಾಡಿಯಲ್ಲಿ ಎಂಜಿನ್ ಆಫ್ ಕೂಡ ಆಗುತ್ತಿದೆ. ನಿಧಾನ ಮಾಡುವಾಗ ಎಂಜಿನ್ನಿಗೆ ಎಷ್ಟು ಗಾಳಿ ಬಿಡಬೇಕು ಅಂತ ಕಂಪ್ಯೂಟರ್ ವೇಗ ನೋಡಿಯೇ ತೀರ್ಮಾನಿಸುತ್ತದೆ. ಅಂದರೆ ಲೆಕ್ಕ ಅದಕ್ಕೂ ತಲುಪುತ್ತಿಲ್ಲ.

ಈಗ ಸೆನ್ಸರಿಗೆ ಬನ್ನಿ. ಗೇರ್ ಬಾಕ್ಸಿನ ಮೇಲೆ, ಚಕ್ರಗಳ ಕಡೆಗೆ ತಿರುಗುವ ಭಾಗದ ಹತ್ತಿರ ಕೂತಿರುತ್ತದೆ. ಮೂರು ವೈರ್ ಇದ್ದರೆ ‘ಹಾಲ್’ ಸೆನ್ಸರ್, ಅಂದರೆ ಅಯಸ್ಕಾಂತದ ಏರಿಳಿತ ಗುರುತಿಸಿ ಸಿಗ್ನಲ್ ಕೊಡುವಂಥದ್ದು. ಕಪ್ಲರ್ ಬಿಚ್ಚಿ, ಇಗ್ನಿಷನ್ ಆನ್ ಮಾಡಿ, ವೈರಿಂಗ್ ಕಡೆಯ ಪಿನ್ನುಗಳಿಗೆ ಮಲ್ಟಿಮೀಟರ್ ಹಿಡಿಯಿರಿ. ಒಂದು ಸಪ್ಲೈ, ಸಾಮಾನ್ಯವಾಗಿ 12 ವೋಲ್ಟ್. ಒಂದು ಅರ್ತ್. ಮೂರನೆಯದು ಸಿಗ್ನಲ್. ಬಹಳಷ್ಟು ಗಾಡಿಗಳಲ್ಲಿ ಅದರಲ್ಲೂ 5 ವೋಲ್ಟ್ ಅಥವಾ 12ರ ಹತ್ತಿರ ಕಾಣಬೇಕು. ಈ ವೋಲ್ಟೇಜ್ ಕಂಪ್ಯೂಟರಿನಿಂದಲೋ ಮೀಟರಿನಿಂದಲೋ ಬರುವಂಥದ್ದು, ಸೆನ್ಸರ್ ಅದನ್ನು ಎಳೆದು ಸೊನ್ನೆ ಮಾಡುತ್ತದೆ, ಬಿಡುತ್ತದೆ. ಮೂರರಲ್ಲಿ ಒಂದು ಇಲ್ಲದಿದ್ದರೂ ಸೆನ್ಸರನ್ನು ಬೈಯಬೇಡಿ, ವೈರ್ ಹಿಡಿದು ಹೋಗಿ.

ಮೂರೂ ಸರಿ ಇದ್ದರೆ ಕಪ್ಲರ್ ಹಾಕಿ. ಹ್ಯಾಂಡ್ ಬ್ರೇಕ್ ಎಳೆದು, ಹಿಂದಿನ ಚಕ್ರಗಳಿಗೆ ಕಲ್ಲು ಕೊಟ್ಟು, ಮುಂದಿನ ಒಂದು ಚಕ್ರ ಜ್ಯಾಕಿನಲ್ಲಿ ಎತ್ತಿ, ಗೇರ್ ನ್ಯೂಟ್ರಲ್‌ಗೆ ಹಾಕಿ. ಕಪ್ಲರಿನ ಹಿಂಬದಿಯಿಂದ ಸಿಗ್ನಲ್ ವೈರಿಗೆ ಮಲ್ಟಿಮೀಟರಿನ ಸೂಜಿ ತಾಗಿಸಿ, ಚಕ್ರವನ್ನು ಕೈಯಿಂದ ನಿಧಾನಕ್ಕೆ ತಿರುಗಿಸಿ. 0, 5, 0, 5 ಅಂತ (12ರ ಗಾಡಿಯಾದರೆ 0, 12 ಅಂತ) ಬದಲಾಗುತ್ತಿರಬೇಕು. ಜೋರಾಗಿ ತಿರುಗಿಸಿದರೆ ಮಲ್ಟಿಮೀಟರ್ ಸರಾಸರಿ ತೆಗೆದು ಎರಡೂವರೆ ಅಂತ ತೋರಿಸಿ ದಾರಿ ತಪ್ಪಿಸುತ್ತದೆ. ಎಂಜಿನ್ ಸ್ಟಾರ್ಟ್ ಮಾಡಿ ಚಕ್ರ ತಿರುಗಿಸುವ ಹುಚ್ಚು ಸಾಹಸ ಬೇಡ.

ಎರಡೇ ವೈರ್ ಇರುವ ಹಳೆಯ ಜಾತಿಯದು ತಾನೇ ಎಸಿ (ದಿಕ್ಕು ಬದಲಿಸುತ್ತಿರುವ) ಕರೆಂಟ್ ಹುಟ್ಟಿಸುತ್ತದೆ. ಅದಕ್ಕೆ ಮಲ್ಟಿಮೀಟರನ್ನು ಎಸಿಗೆ ಹಾಕಿ. ಚಕ್ರ ಜೋರಾದಷ್ಟೂ ವೋಲ್ಟೇಜ್ ಏರಬೇಕು.

ಹೊಸ ಸೆನ್ಸರ್ ಹಾಕಿದ ಮೇಲೆ ಒಂದು ವಾರ ಸರಿ ಇತ್ತು ಅಂದಿರಲ್ಲ, ನನ್ನ ಅನುಮಾನ ಹುಟ್ಟಿದ್ದು ಅಲ್ಲೇ. ಕಪ್ಲರ್ ಬಿಚ್ಚಿ ಹಾಕಿದಾಗ ಪಿನ್ನು ಚೂರು ಉಜ್ಜಿ ಕಾಂಟ್ಯಾಕ್ಟ್ ಸಿಕ್ಕಿರಬಹುದು, ಆಮೇಲೆ ಮತ್ತೆ ಸಡಿಲ. ಕಪ್ಲರನ್ನು ಬೆಳಕಿಗೆ ಹಿಡಿದು ಒಳಗೆ ನೋಡಿ. ಹಸಿರು ಪುಡಿ ಕೂತಿದೆಯಾ? ಗೇರ್ ಆಯಿಲ್ ಜಿನುಗಿದೆಯಾ? ಹೆಣ್ಣು ಪಿನ್ನಿನ, ಅಂದರೆ ಸೆನ್ಸರಿನ ಪಿನ್ ಒಳಗೆ ಕೂರುವ ತೂತಿನ, ಎರಡು ತುಟಿ ಅಗಲಿವೆಯಾ? ಹಳೆಯ ಸೆನ್ಸರ್ ಮನೆಯಲ್ಲಿದ್ದರೆ ಅದರ ಪಿನ್ನಿನಷ್ಟೇ ದಪ್ಪದ ತಂತಿಯನ್ನು ಒಂದೊಂದಕ್ಕೂ ತೂರಿಸಿ ಎಳೆದು ನೋಡಿ. ಎರಡು ಬಿಗಿಯಾಗಿ ಹಿಡಿದು ಮೂರನೆಯದು ಸಲೀಸಾಗಿ ಜಾರಿ ಬಂದರೆ ಕಳ್ಳ ಸಿಕ್ಕ. ನಂತರ ಕಪ್ಲರಿನಿಂದ ಒಂದು ಗೇಣು ದೂರದ ತನಕ ಒಂದೊಂದೇ ವೈರನ್ನು ಬೆರಳಲ್ಲಿ ಹಿಡಿದು ಮೆಲ್ಲಗೆ ಎಳೆಯಿರಿ. ಮೇಲಿನ ಪ್ಲಾಸ್ಟಿಕ್ ಚೆನ್ನಾಗಿದ್ದೂ ಒಳಗಿನ ತಾಮ್ರ ತುಂಡಾಗಿದ್ದರೆ ಆ ಜಾಗ ರಬ್ಬರಿನಂತೆ ಹಿಗ್ಗುತ್ತದೆ. ನಮ್ಮ ಕಡೆ ಅಡಿಕೆ ಮೂಟೆ ಇಡುವ ಕೊಟ್ಟಿಗೆಯಲ್ಲೇ ಕಾರನ್ನೂ ನಿಲ್ಲಿಸುತ್ತಾರೆ, ಹಾಗಾಗಿ ಇಲಿ ಕಡಿದ ವೈರೂ ಸಿಗುತ್ತದೆ.

ಇನ್ನೊಂದು ಮಾತು. ಕೆಲವು ಸೆನ್ಸರಿನ ತುದಿಯಲ್ಲಿ ಪ್ಲಾಸ್ಟಿಕ್ ಹಲ್ಲಿನ ಗೇರ್ ಇರುತ್ತದೆ. ಹಳೆಯದನ್ನೇ ಹೊಸ ಸೆನ್ಸರಿಗೆ ಹಾಕಿದ್ದರೆ, ಹಲ್ಲು ಸವೆದಿದೆಯಾ ಅಂತ ಬಿಚ್ಚಿಸಿ ನೋಡಿ.

*ಪ್ರಶ್ನೆ: ಅಪ್ಪನ ಕಾಲದ ಮಾರುತಿ 800 ಇದೆ. 40ರ ಹತ್ತಿರ ಮುಳ್ಳು ಗಡಗಡ ನಡುಗುತ್ತದೆ, ಡ್ಯಾಶ್‌ಬೋರ್ಡಿನ ಹಿಂದೆ ಟಿಕ್ ಟಿಕ್ ಸದ್ದು. ಸೆನ್ಸರ್ ಎಲ್ಲಿ ಸಿಗುತ್ತದೆ?*
— ಓದುಗರು, ಕೊಪ್ಪ

ಹುಡುಕಬೇಡಿ, ಅದರಲ್ಲಿ ಮೀಟರ್ ಓಡಿಸುವುದು ಕೇಬಲ್. ಒಳಗಿನ ತಂತಿ ಒಣಗಿದೆ, ಇಲ್ಲವೇ ಎಲ್ಲೋ ಗಟ್ಟಿಯಾಗಿ ಬಾಗಿದೆ. ತಂತಿ ಹೊರಗೆಳೆದು ಒರೆಸಿ, ತೆಳುವಾಗಿ ಗ್ರೀಸ್ ಸವರಿ ಹಾಕಿಸಿ. ಮೀಟರ್ ಕಡೆಯ ತುದಿಗೆ ಗ್ರೀಸ್ ಬೇಡ, ಒಳಗೆ ನುಗ್ಗಿದರೆ ಮೀಟರೇ ಹಾಳು. ಎಳೆ ಬಿಚ್ಚಿಕೊಂಡಿದ್ದರೆ ಹೊಸ ಕೇಬಲ್.

*ಪ್ರಶ್ನೆ: 2020ರ ಕಾರು. ಮುಂದಿನ ಎಡ ಚಕ್ರದ ಬೇರಿಂಗ್ ಬದಲಿಸಿದ ಮರುದಿನದಿಂದ ಎಬಿಎಸ್ ಲೈಟ್ ಆರುತ್ತಿಲ್ಲ, ಮೀಟರ್ ಸೊನ್ನೆ. 80 ದಾಟಿದರೆ ಬರುವ ಬೀಪ್ ಕೂಡ ಇಲ್ಲ (ಅದೊಂದು ಖುಷಿ!). ಮೆಕ್ಯಾನಿಕ್‌ಗೆ ಗೇರ್ ಬಾಕ್ಸಿನಲ್ಲಿ ಸ್ಪೀಡ್ ಸೆನ್ಸರೇ ಸಿಗುತ್ತಿಲ್ಲವಂತೆ.*
— ಓದುಗರು, ಕುಂದಾಪುರ

ಇದ್ದರೆ ತಾನೇ ಸಿಗುವುದು? 2019ರ ಏಪ್ರಿಲ್ ನಂತರ ಹೊಸ ಕಾರುಗಳಿಗೆಲ್ಲ ಎಬಿಎಸ್ (ಜೋರಾಗಿ ಬ್ರೇಕ್ ಒತ್ತಿದರೂ ಚಕ್ರ ಲಾಕ್ ಆಗದಂತೆ ತಡೆಯುವ ವ್ಯವಸ್ಥೆ) ಕಡ್ಡಾಯವಾಯಿತು. ಪ್ರತಿ ಚಕ್ರದಲ್ಲೂ ಸೆನ್ಸರ್ ಇರುವಾಗ ಗೇರ್ ಬಾಕ್ಸಿನಲ್ಲಿ ಇನ್ನೊಂದು ಯಾಕೆ ಅಂತ ಎಷ್ಟೋ ಗಾಡಿಗಳಲ್ಲಿ ಅದನ್ನು ಕೈಬಿಟ್ಟಿದ್ದಾರೆ. ಎಬಿಎಸ್ ಯೂನಿಟ್ಟೇ ಎಲ್ಲರಿಗೂ ವೇಗ ಹಂಚುತ್ತದೆ. ಬೀಪ್ ನಿಂತಿದ್ದೂ ಅದಕ್ಕೇ. 80ಕ್ಕೆ ಬಿಟ್ಟು ಬಿಟ್ಟು, 120ಕ್ಕೆ ಬಿಡದೆ ಕೂಗುವ ಆ ಎಚ್ಚರಿಕೆ 2019ರ ಜುಲೈಯಿಂದ ಬಂದ ನಿಯಮ. ಅದಕ್ಕೂ ಇದೇ ಲೆಕ್ಕ ಬೇಕು.

ನಿಮ್ಮ ಬೇರಿಂಗ್ ಉಲ್ಟಾ ಕೂತಿರುವ ಸಾಧ್ಯತೆ ತುಂಬಾ ಇದೆ. ಈಗಿನ ಬೇರಿಂಗುಗಳಲ್ಲಿ ಒಂದು ಬದಿಯ ಸೀಲಿನಲ್ಲೇ ಅಯಸ್ಕಾಂತದ ಪಟ್ಟಿ ಇರುತ್ತದೆ. ಕಣ್ಣಿಗೆ ಬರೀ ಕಪ್ಪು ರಬ್ಬರ್ ಕಂಡಂತೆ ಕಾಣುತ್ತದೆ. ಆ ಬದಿ ಸೆನ್ಸರಿನ ಕಡೆಗೇ ಇರಬೇಕು. ಸೆನ್ಸರ್ ಬಿಚ್ಚಿ ಆ ತೂತಿನಲ್ಲಿ ಪೇಪರ್ ಕ್ಲಿಪ್ಪನ್ನು ದಾರಕ್ಕೆ ಕಟ್ಟಿ ಇಳಿಬಿಡಿ. ಸೀಲಿಗೆ ಅಂಟಿದರೆ ಪಟ್ಟಿ ಇದೆ, ಅಂಟದಿದ್ದರೆ ಮೆಕ್ಯಾನಿಕ್ ಹತ್ತಿರ ಕೂತು ಮಾತಾಡಿ. ಒತ್ತಿ ತೆಗೆದ ಬೇರಿಂಗನ್ನು ತಿರುಗಿಸಿ ಹಾಕಲು ಒಪ್ಪಬೇಡಿ. ತೆಗೆಯುವಾಗಲೇ ಅದಕ್ಕೆ ಪೆಟ್ಟು ಬಿದ್ದಿರುತ್ತದೆ, ಹೊಸದೇ ಬೇಕು.

ಅಂಟಿದರೆ ಸೆನ್ಸರ್ ಕೂರುವ ಜಾಗ ನೋಡಿ. ಕರಾವಳಿಯ ಉಪ್ಪುಗಾಳಿಗೆ ಅಲ್ಲಿ ತುಕ್ಕು ಉಬ್ಬಿ ಸೆನ್ಸರನ್ನು ಮೇಲಕ್ಕೆತ್ತುತ್ತದೆ, ಪಟ್ಟಿಗೂ ಅದಕ್ಕೂ ಅಂತರ ಜಾಸ್ತಿಯಾಗುತ್ತದೆ. ತುಕ್ಕು ಕೆರೆದು, ಕಬ್ಬಿಣದ ಪುಡಿ ಒರೆಸಿ ಹಾಕಿಸಿ.

ಅಲ್ಲಿಯವರೆಗೆ ಸಾದಾ ಬ್ರೇಕ್ ಕೆಲಸ ಮಾಡುತ್ತದೆ, ಆದರೆ ಜೋರಾಗಿ ಒತ್ತಿದರೆ ಚಕ್ರ ಲಾಕ್ ಆಗಿ ಜಾರಬಹುದು. ಜೊತೆಗೆ ಕೆಂಪು ಬ್ರೇಕ್ ಲೈಟೂ ಹತ್ತಿದ್ದರೆ ಗಾಡಿ ತೆಗೆಯಲೇಬೇಡಿ.

*ಪ್ರಶ್ನೆ: ಮೀಟರ್ 100 ತೋರಿಸಿದರೆ ಮೊಬೈಲ್ ಮ್ಯಾಪ್ 95 ತೋರಿಸುತ್ತದೆ. ಸೆನ್ಸರ್ ದೋಷವೇ?*
— ಓದುಗರು, ದಾವಣಗೆರೆ

ಅಲ್ಲ. ಮೀಟರ್ ಸ್ವಲ್ಪ ಜಾಸ್ತಿ ತೋರಿಸುವಂತೆಯೇ ಮಾಡಿರುತ್ತಾರೆ, ಕಡಿಮೆ ತೋರಿಸಬಾರದು ಅಷ್ಟೇ. ದಪ್ಪ ಟಯರ್ ಹಾಕಿಸಿದವರು ಯೋಚಿಸಬೇಕು. 175/65 ಆರ್14 ತೆಗೆದು 185/70 ಆರ್14 ಹಾಕಿದರೆ ಚಕ್ರ ಶೇಕಡಾ 5ರಷ್ಟು ದೊಡ್ಡದಾಗುತ್ತದೆ. ಮೀಟರಿನ ಲೆಕ್ಕಕ್ಕಿಂತ ಗಾಡಿ ಅಷ್ಟು ಜೋರಾಗಿ ಓಡುತ್ತದೆ.

*ಪ್ರಶ್ನೆ: ಸೆಕೆಂಡ್ ಹ್ಯಾಂಡ್ ಕಾರು ನೋಡಿದ್ದೇನೆ. 58,000 ಕಿಲೋಮೀಟರ್ ಓಡಿದೆಯಂತೆ. ಮೀಟರ್ ಕೆಲಸ ಮಾಡುತ್ತಿಲ್ಲ. ‘ಫ್ಯೂಸ್ ಹೋಗಿರಬೇಕು ಸಾರ್, ಸಣ್ಣ ಕೆಲಸ’ ಎನ್ನುತ್ತಾರೆ ಬ್ರೋಕರ್.*
— ಓದುಗರು, ಚಿಂತಾಮಣಿ

ಸಣ್ಣ ಕೆಲಸವಾದರೆ ಅವರೇ ಮಾಡಿಸಿ ಕೊಡಲಿ, ಅಲ್ವಾ? ಕಿಲೋಮೀಟರ್ ಏರದಿರಲಿ ಅಂತ ಬೇಕೆಂದೇ ಕಪ್ಲರ್ ಕಿತ್ತು ಓಡಿಸುವವರಿದ್ದಾರೆ. ಹಿಂದೆ ಕೇಬಲ್ ಕೀಳುತ್ತಿದ್ದರು, ಈಗ ಇದು. ಟಾರ್ಚ್ ಹಿಡಿದು ಸೆನ್ಸರ್ ನೋಡಿ. ಸುತ್ತ ಎಲ್ಲ ಧೂಳು ಮೆತ್ತಿದ್ದು ಕಪ್ಲರಿನ ಲಾಕ್ ಮಾತ್ರ ಮುರಿದು ಬೆರಳ ಗುರುತಿದ್ದರೆ ಅರ್ಥ ಮಾಡಿಕೊಳ್ಳಿ. ಸ್ಕ್ಯಾನರಿನಲ್ಲಿ ‘ಎಂಜಿನ್ ಎಚ್ಚರಿಕೆಯ ಲೈಟ್ ಹತ್ತಿದ ಮೇಲೆ ಓಡಿದ ದೂರ’ ಅಂತ ಒಂದು ಲೆಕ್ಕ ಬರುತ್ತದೆ, ಅದನ್ನು ನಂಬಬೇಡಿ. ಅದೂ ಇದೇ ಸೆನ್ಸರಿನ ಲೆಕ್ಕ, ಸೊನ್ನೆ ತೋರಿಸಿದರೂ ಆಶ್ಚರ್ಯವಿಲ್ಲ. ಬದಲಿಗೆ ಕ್ಲಚ್ ಪೆಡಲಿನ ರಬ್ಬರ್, ಸ್ಟೇರಿಂಗಿನ ಹೊಳಪು, ಡ್ರೈವರ್ ಸೀಟಿನ ಅಂಚು ನೋಡಿ. ಸರ್ವಿಸ್ ಬಿಲ್ಲುಗಳಿದ್ದರೆ ಕೇಳಿ, ಕೊನೆಯ ಬಿಲ್ಲಿನ ದಿನಾಂಕ ಮತ್ತು ಕಿಲೋಮೀಟರ್ ಬರೆದುಕೊಳ್ಳಿ. ಅಲ್ಲಿಂದ ಇಲ್ಲಿಯವರೆಗೆ ಎರಡು ವರ್ಷ ಕಳೆದು ಕಿಲೋಮೀಟರ್ ಮಾತ್ರ ಅಲ್ಲೇ ನಿಂತಿದ್ದರೆ, 58,000 ಅನ್ನುವ ಸಂಖ್ಯೆಯನ್ನು ಪಕ್ಕಕ್ಕಿಟ್ಟು ರೇಟ್ ಮಾತಾಡಿ.