ಇಂಗ್ಲೆಂಡಿನಲ್ಲಿ ವಿಚ್ಛೇದನ: ವಕೀಲರ ಫೀಸ್ ಯಾರು ಕಟ್ಟಬೇಕು?

ತಂಗಿ, ಹಾಸನದಲ್ಲಿ ಮದುವೆಯಾಗಿ ಇಬ್ಬರೂ ಇಂಗ್ಲೆಂಡಿಗೆ ಬಂದು ಒಂದೂವರೆ ವರ್ಷ, ಈಗ ಬೇರೆ ಬೇರೆ ಮನೆ ಅಂತ ಬರೆದಿದ್ದೀಯ. "ಕೇಸ್ ಹಾಕಿದವರೇ ಇಬ್ಬರ ವಕೀಲರ ಫೀಸೂ ಕಟ್ಟಬೇಕು" ಅಂತ ಗಂಡ ಹೇಳ್ತಿದ್ದಾರಂತೆ. ಅದು ನಿಜ ಅಲ್ಲ. ಆ ಮಾತಿಗೆ ಹೆದರಿ ಸುಮ್ಮನೆ ಕೂರಬೇಡ.

ಅರ್ಜಿ ಹಾಕಿದವರ ಪಾಲಿಗೆ ಬರೋದು ಕೋರ್ಟ್ ಶುಲ್ಕ. 2025ರ ಏಪ್ರಿಲ್‌ನಿಂದ ಅದು 612 ಪೌಂಡ್. ಜಂಟಿ ಅರ್ಜಿಯಾದರೂ ಕಟ್ಟೋದು ಮೊದಲ ಅರ್ಜಿದಾರರೇ. ಅರ್ಧರ್ಧ ಅಂತ ಒಪ್ಪಿಕೊಂಡಿದ್ದರೆ ಮೊದಲೇ ಇಮೇಲಿನಲ್ಲಿ ಬರೆಸಿಕೋ. ಆದಾಯ, ಉಳಿತಾಯ ಎರಡೂ ಕಡಿಮೆ ಇದ್ದರೆ ಶುಲ್ಕ ವಿನಾಯಿತಿ ಸಿಗುತ್ತೆ, ದುಡ್ಡು ಕಟ್ಟುವ ಮೊದಲೇ ಕೇಳು. 2022ರ ಏಪ್ರಿಲ್ 6ರಿಂದ ತಪ್ಪು ಯಾರದ್ದು ಅಂತ ಸಾಬೀತು ಮಾಡುವ ಗೋಜಿಲ್ಲ. ಅರ್ಜಿ ದಾಖಲಾಗಿ 20 ವಾರ ಕಳೆದ ಮೇಲೆ ಷರತ್ತಿನ ಆದೇಶ (ವಿಚ್ಛೇದನಕ್ಕೆ ಅಡ್ಡಿಯಿಲ್ಲ ಅಂತ ಕೋರ್ಟ್ ಹೇಳೋದು), ಮತ್ತೆ 6 ವಾರ ಕಳೆದ ಮೇಲೆ ಮದುವೆ ಮುಗಿಸುವ ಅಂತಿಮ ಆದೇಶ. ತಕರಾರಿಲ್ಲದಿದ್ದರೆ ಇಷ್ಟಕ್ಕೆ ವಕೀಲರೇ ಬೇಕಾಗಲ್ಲ.

ಆದರೆ ಮದುವೆ ಪ್ರಮಾಣಪತ್ರ ಒಮ್ಮೆ ತೆಗೆದು ನೋಡು. ಕನ್ನಡದಲ್ಲಿದ್ದರೆ ಪ್ರಮಾಣೀಕರಿಸಿದ ಇಂಗ್ಲಿಷ್ ಅನುವಾದ ಬೇಕು. ಅದರಲ್ಲಿ ಬರೀ ಇನಿಷಿಯಲ್, ಪಾಸ್‌ಪೋರ್ಟಿನಲ್ಲಿ ಅಪ್ಪನ ಪೂರ್ತಿ ಹೆಸರು ಇರೋದು ನಮ್ಮ ಕಡೆ ಮಾಮೂಲು. ವ್ಯತ್ಯಾಸ ಯಾಕೆ ಅಂತ ಅರ್ಜಿಯಲ್ಲೇ ವಿವರಿಸು, ಇಲ್ಲದಿದ್ದರೆ ಅಲ್ಲೇ ತಡವಾಗುತ್ತೆ.

ದುಡ್ಡು ನೀರಿನ ಹಾಗೆ ಹೋಗೋದು ಆಸ್ತಿ, ಪಿಂಚಣಿ ಜಗಳದಲ್ಲಿ. ಅಲ್ಲೂ ಅವರವರ ಖರ್ಚು ಅವರವರಿಗೆ. ಸೋತವರು ಗೆದ್ದವರ ಫೀಸ್ ಕಟ್ಟುವ ಪದ್ಧತಿ ಇಲ್ಲ. ಬ್ಯಾಂಕ್ ಲೆಕ್ಕ ಮುಚ್ಚಿಟ್ಟರೆ, ಕೋರ್ಟ್ ಆದೇಶ ಮೀರಿದರೆ, ಬೇಕಂತಲೇ ಎಳೆದಾಡಿದರೆ ಮಾತ್ರ ನ್ಯಾಯಾಧೀಶರು ಅವರ ಮೇಲೆ ಖರ್ಚು ಹೊರಿಸಬಹುದು. ವಕೀಲರು ಗಂಟೆಗೆ ಇಷ್ಟು ಅಂದಾಗ 20% ವ್ಯಾಟ್ ತೆರಿಗೆ ಸೇರಿದೆಯಾ ಅಂತ ಕೇಳು.

ನಿನ್ನ ಕೈಯಲ್ಲಿ ದುಡ್ಡಿಲ್ಲ, ಅವರಿಗೆ ಒಳ್ಳೇ ಸಂಬಳ ಇದೆ ಅಂತಾದರೆ, ನಿನ್ನ ವಕೀಲರ ಫೀಸನ್ನು ಅವರಿಂದ ಕೊಡಿಸಿ ಅಂತ ಇಂಗ್ಲೆಂಡಿನ 1973ರ ವಿವಾಹ ಕಾಯ್ದೆಯಡಿ ಕೇಳಬಹುದು. ಬೇರೆ ದಾರಿಯಿಲ್ಲ ಅಂತ ತೋರಿಸಬೇಕಾದ್ದು ನೀನು. ಸಾಲ ಕೊಡಲ್ಲ ಅಂತ ಎರಡು ಸಂಸ್ಥೆಗಳ ಪತ್ರ, ಕೇಸ್ ಮುಗಿಯುವವರೆಗೆ ಫೀಸಿಗೆ ಕಾಯಲ್ಲ ಅಂತ ನಿನ್ನ ವಕೀಲರ ಪತ್ರ ಸಾಮಾನ್ಯವಾಗಿ ಸಾಕು. ಅವೆರಡೂ ಇಲ್ಲದೆ ಹೋದರೆ ಅರ್ಜಿ ನಿಲ್ಲೋದು ಕಷ್ಟ. ಹೊಡೆತ ಬಡಿತ ಆಗಿದ್ದರೆ ಪೊಲೀಸ್ ಅಥವಾ ವೈದ್ಯರ ದಾಖಲೆ ಜೋಪಾನ ಮಾಡು, ಆದಾಯ ಕಡಿಮೆ ಇದ್ದರೆ ಸರ್ಕಾರದ ಕಾನೂನು ನೆರವು ಅದರ ಮೇಲೆ ಸಿಗುತ್ತೆ. ಗಂಡನ ವೀಸಾ ಆಧಾರದ ಡಿಪೆಂಡೆಂಟ್ ವೀಸಾದಲ್ಲಿದ್ದರೆ ಅರ್ಜಿಗೂ ಮೊದಲು ವಲಸೆ ವಕೀಲರನ್ನು ಕಾಣು.

ಹಾಸನದಲ್ಲಿ ಅವರೇ ಕೇಸ್ ಹಾಕಿದರೆ ಲೆಕ್ಕ ಬೇರೆ. ಹಿಂದೂ ವಿವಾಹ ಕಾಯ್ದೆಯ 24ನೇ ಸೆಕ್ಷನ್ ಪ್ರಕಾರ ಸ್ವಂತ ಆದಾಯ ಸಾಲದವರು ಎದುರು ಪಕ್ಷದಿಂದ ಕೇಸಿನ ಖರ್ಚು, ಮಧ್ಯಂತರ ಜೀವನಾಂಶ ಎರಡೂ ಕೇಳಬಹುದು. ನೋಟಿಸ್ ಜಾರಿಯಾಗಿ 60 ದಿನದಲ್ಲಿ ಸಾಧ್ಯವಾದಷ್ಟು ತೀರ್ಮಾನ ಆಗಬೇಕು ಅಂತ ಕಾಯ್ದೆಯಲ್ಲಿದೆ. ಸುಪ್ರೀಂ ಕೋರ್ಟಿನ 2020ರ ತೀರ್ಪಿನಿಂದ ಇಬ್ಬರೂ ಆಸ್ತಿ, ಆದಾಯದ ಅಫಿಡವಿಟ್ (ಪ್ರಮಾಣ ಮಾಡಿದ ಲಿಖಿತ ಹೇಳಿಕೆ) ಕೊಡಲೇಬೇಕು, ಪೌಂಡಿನ ಸಂಬಳವೂ ಸೇರಿ. ಹೆಂಗಸರಿಗೆ ಆದಾಯ ಎಷ್ಟಿದ್ದರೂ ಜಿಲ್ಲಾ ಕಾನೂನು ಸೇವಾ ಪ್ರಾಧಿಕಾರದಿಂದ ಉಚಿತ ವಕೀಲರು ಸಿಗ್ತಾರೆ.

ಎರಡೆರಡು ಸಲ ಖರ್ಚಾಗೋದು ಇಲ್ಲೇ, ಗಮನ ಕೊಡು. ನೀನೊಬ್ಬಳೇ ಹಾಕಿ, ಅವರು ಹಾಜರಾಗದೆ ಇಂಗ್ಲೆಂಡಿನಲ್ಲಿ ಸಿಕ್ಕ ಆದೇಶವನ್ನು 1991ರ ಸುಪ್ರೀಂ ಕೋರ್ಟ್ ತೀರ್ಪಿನ ಪ್ರಕಾರ ಭಾರತದಲ್ಲಿ ಒಪ್ಪದೇ ಇರಬಹುದು, ಆಗ ಊರಲ್ಲಿ ಮತ್ತೆ ಕೇಸ್ ಹಾಕಬೇಕಾಗುತ್ತೆ. ಅವರು ಒಪ್ಪಿದರೆ ಜಂಟಿ ಅರ್ಜಿಯೇ ಕ್ಷೇಮ. ಇಲ್ಲವೇ ಒಂದು ವರ್ಷ ಬೇರೆ ಇದ್ದ ಮೇಲೆ ಹಾಸನದಲ್ಲೇ ಪರಸ್ಪರ ಒಪ್ಪಿಗೆಯ ಅರ್ಜಿ. ಅದಕ್ಕೆ ಅಪ್ಪನಿಗೋ ಅಣ್ಣನಿಗೋ ಮುಖ್ತಿಯಾರು ಪತ್ರ (ಪವರ್ ಆಫ್ ಅಟಾರ್ನಿ) ಕಳಿಸುವುದಾದರೆ, ಕಾಗದ ಊರು ತಲುಪಿದ 3 ತಿಂಗಳೊಳಗೆ ಅದಕ್ಕೆ ಮುದ್ರಾಂಕ ಶುಲ್ಕ ಕಟ್ಟಿಸಲು ಈಗಲೇ ಹೇಳಿಡು.