ಮಲ್ಪೆಯ ಬಿಲ್ಲಿಂಗ್ ಸಾಫ್ಟ್‌ವೇರ್: ಮೊದಲು ಹಳೆ ಲೆಕ್ಕದ ಪುಸ್ತಕ ನೋಡಿ

ಮಲ್ಪೆಯ ಮೀನು ವ್ಯಾಪಾರಿಯೊಬ್ಬರಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾಡಬೇಕು, ಏನು ಬೇಕು ಅಂದ್ರೆ ‘ಎಲ್ಲ ಬೇಕು’ ಅಂತಾರೆ, ರಿಕ್ವೈರ್‌ಮೆಂಟ್ ಪಟ್ಟಿ ಹೇಗೆ ಮಾಡಲಿ ಅಂತ ಕೇಳಿದ್ದೀರಿ.

ಧಣಿಗಳ ಜೊತೆ ಸುಮ್ನೆ ಮೀಟಿಂಗ್ ಮಾಡುತ್ತಾ ಕೂರಬೇಡಿ. ಮೀನಿನ ಏಲಂ (ಹರಾಜು) ನಡೆಯುವಾಗ ಲೆಕ್ಕ ಬರೆಯುವವರ ಪಕ್ಕ ನಿಂತು ನೋಡಿ. ಒದ್ದೆ ಕೈಯಲ್ಲಿ ಟಚ್‌ಸ್ಕ್ರೀನ್ ಸರಿಯಾಗಿ ಕೆಲಸ ಮಾಡೋದಿಲ್ಲ ಅಂತ ಯಾವ ಮೀಟಿಂಗಿನಲ್ಲೂ ಯಾರೂ ಹೇಳುವುದಿಲ್ಲ! ಆಮೇಲೆ ಹಳೆ ಲೆಕ್ಕದ ಪುಸ್ತಕ ಕೇಳಿ ತೆಗೆದುಕೊಳ್ಳಿ. ಹೊಡೆದು ಹಾಕಿದ, ಅಂಚಿನಲ್ಲಿ ಬರೆದ ಸಾಲುಗಳಿದ್ದರೆ ಒಂದೊಂದಕ್ಕೂ ಕಾರಣ ಕೇಳಿ. ತೂಕದಲ್ಲಿ ವ್ಯತ್ಯಾಸ, ಉಳಿದ ಸಾಲ, ಬೋಟಿಗೆ ಕೊಟ್ಟ ಮುಂಗಡ, ಇಂಥವೇ ಅಲ್ವಾ ಕೊನೆಗೆ ಪ್ರೋಗ್ರಾಂ ಕೆಡಿಸೋದು? ತುಳುವಿನಲ್ಲೇ ಮಾತಾಡಿ, ಜಾಸ್ತಿ ವಿಷಯ ಹೊರಬರುತ್ತದೆ.

‘ಎಲ್ಲ ಬೇಕು’ ಅನ್ನೋದಕ್ಕೆ ನನ್ನ ಪ್ರಶ್ನೆ ಒಂದೇ: ಇದು ಇಲ್ಲದಿದ್ದರೆ ನಾಳೆ ವ್ಯಾಪಾರ ನಿಲ್ಲುತ್ತದಾ? ನಿಲ್ಲದಿದ್ದರೆ ಎರಡನೇ ಹಂತಕ್ಕೆ ಹಾಕಿ. ಒಪ್ಪಿದ್ದನ್ನು ಒಂದೇ ಪುಟದಲ್ಲಿ ಬರೆದು ಸಹಿ ಹಾಕಿಸಿ. ಈ ಆವೃತ್ತಿಯಲ್ಲಿ ಏನು ಇರೋದಿಲ್ಲ ಅಂತಲೂ ಅದರಲ್ಲೇ ಬರೆಯಿರಿ.

ಸಮಯದ ಲೆಕ್ಕವೂ ಇರಲಿ. ಜೂನ್ 1ರಿಂದ ಜುಲೈ 31ರವರೆಗೆ ಯಾಂತ್ರೀಕೃತ ಬೋಟುಗಳಿಗೆ ಮೀನುಗಾರಿಕೆ ನಿಷೇಧ. ನೋಡುವ ಕೆಲಸ ಮೇ ಒಳಗೆ ಮುಗಿಸಿ, ಟ್ರಯಲ್ ಮತ್ತು ತರಬೇತಿ ಆ ಎರಡು ತಿಂಗಳಲ್ಲಿ ಇಟ್ಟುಕೊಳ್ಳಿ.