ಸೇಬಾದಲ್ಲಿ ಸಂಸಾರ ಮಾಡಬಹುದಾ?

ಪ್ರಿಯ ತಂಗಿ,

ನಿಮ್ಮ ಪ್ರಶ್ನೆಗಳನ್ನು ಓದಿದೆ. ಯಜಮಾನರಿಗೆ ಸೇಬಾದ ಮೆಡಿಕಲ್ ಕಾಲೇಜಿನಲ್ಲಿ ಪಾಠ ಮಾಡುವ ಕೆಲಸ ಸಿಕ್ಕಿದೆ. ಒಂದನೇ ಕ್ಲಾಸಿನ ಮಗಳನ್ನೂ ಕರೆದುಕೊಂಡು ಹೊರಡಬೇಕು. ನೆದರ್ಲ್ಯಾಂಡ್ಸ್‌ನ ಮುನಿಸಿಪಾಲಿಟಿ ಅಂತಾರೆ, ಮ್ಯಾಪ್ ನೋಡಿದರೆ ಕೆರಿಬಿಯನ್ ಸಮುದ್ರದಲ್ಲಿ ಒಂದು ಚುಕ್ಕಿ. ಅಲ್ಲಿ ಎಂಥ ಜನ, ಸಂಸಾರ ಮಾಡೋಕಾಗುತ್ತಾ ಅಂತ ಕೇಳಿದ್ದೀರಿ.

ಖಂಡಿತ ಆಗುತ್ತದೆ. ನಾವು ಬಂದು ಬಹಳ ವರ್ಷವಾಯಿತು, ಹಿಂದಿರುಗುವ ಮಾತು ಈಗ ಮನೆಯಲ್ಲಿ ಬರುವುದೇ ಇಲ್ಲ. ಆದರೆ ಒಂದು ವಿಷಯ ಮೊದಲೇ ಹೇಳಿಬಿಡುತ್ತೇನೆ. ಕಾಲೇಜಿನವರ ಜೊತೆಗೇ ಇದ್ದು, ಎರಡು ಮೂರು ವರ್ಷ ಕಳೆದು ಹೋಗುವ ಲೆಕ್ಕ ಹಾಕಿಕೊಂಡು ಬಂದವರಿಗೆ ಇಲ್ಲಿ ಬೇಗ ಬೇಸರ ಬರುತ್ತದೆ. ಊರಿನವರ ಜೊತೆ ಬೆರೆತವರು ಮಾತ್ರ ನಿಲ್ಲುತ್ತಾರೆ.

ಮೊದಲು ಸರ್ಕಾರದ ವಿಷಯ, ಯಾಕೆಂದರೆ ಎಲ್ಲರೂ ಇಲ್ಲೇ ಗೊಂದಲಕ್ಕೆ ಬೀಳುತ್ತಾರೆ. 2010ರ ಅಕ್ಟೋಬರ್ 10ರಂದು ಇಲ್ಲಿನ ಡಚ್ ದ್ವೀಪಗಳ ಒಕ್ಕೂಟವಾಗಿದ್ದ ನೆದರ್ಲ್ಯಾಂಡ್ಸ್ ಆಂಟಿಲೀಸ್ ಎನ್ನುವ ವ್ಯವಸ್ಥೆ ಬರಖಾಸ್ತಾಯಿತು. ಬೊನೇರ್, ಸಿಂಟ್ ಯುಸ್ಟೇಷಿಯಸ್, ಸೇಬಾ ಮೂರೂ ದ್ವೀಪಗಳು ನೇರವಾಗಿ ನೆದರ್ಲ್ಯಾಂಡ್ಸ್‌ನ ವಿಶೇಷ ಮುನಿಸಿಪಾಲಿಟಿಗಳಾದವು. ಹಾಗಂತ ಇಲ್ಲಿ ಯೂರೋ ನಡೆಯುವುದಿಲ್ಲ, 2011ರಿಂದ ಅಮೆರಿಕದ ಡಾಲರ್. ಒಂದೇ ವೀಸಾದಲ್ಲಿ ಓಡಾಡಬಹುದಾದ ಯುರೋಪಿನ ಷೆಂಗೆನ್ ವಲಯಕ್ಕೂ ಇದು ಸೇರಿಲ್ಲ. ಬರುವ ದಾರಿಯಲ್ಲಿ ಸಿಗುವ ಸಿಂಟ್ ಮಾರ್ಟನ್ ಅದೇ ಡಚ್ ರಾಜನ ಆಳ್ವಿಕೆಗೆ ಸೇರಿದ, ಆದರೆ ಸ್ವಂತ ಸರ್ಕಾರವಿರುವ ಬೇರೆ ದೇಶ, ಅಲ್ಲೂ ಪಾಸ್‌ಪೋರ್ಟ್ ನೋಡುತ್ತಾರೆ. ಹಾಗಾಗಿ ಯುರೋಪಿಗೆ ಹೋಗಿ ಬಂದ ಗೆಳೆಯರ ಮಾತು ನಂಬಿ ಟಿಕೆಟ್ ಮಾಡಬೇಡಿ. ಕಾಲೇಜಿನವರ ಹತ್ತಿರವೂ ಡಚ್ ರಾಯಭಾರ ಕಚೇರಿಯಲ್ಲೂ ನಿಮ್ಮ ಮೂವರ ಕಾಗದಪತ್ರಗಳನ್ನು ಬಿಡಿಬಿಡಿಯಾಗಿ ಕೇಳಿ.

ಆಡಳಿತದ ಭಾಷೆಯಲ್ಲಿ ಡಚ್ ಇದೆ, ಬೀದಿಯಲ್ಲಿ ಇಂಗ್ಲಿಷ್. ಅಜ್ಜಿಯರಿಂದ ಮಕ್ಕಳವರೆಗೆ ಇಲ್ಲಿಯ ಮೂಲದವರ ಮನೆಮಾತು ಇಂಗ್ಲಿಷೇ. ಶಾಲೆಯ ಪಾಠವೂ ಇಂಗ್ಲಿಷಿನಲ್ಲೇ ನಡೆಯುತ್ತದೆ, ಮಗಳ ಚಿಂತೆ ಬಿಡಿ. ಪ್ರೈಮರಿ, ಹೈಸ್ಕೂಲು ಎರಡೂ ಸೇಂಟ್ ಜಾನ್ಸ್ ಎನ್ನುವ ಹಳ್ಳಿಯಲ್ಲಿವೆ. ಡಚ್ ಕೂಡ ಕಲಿಸುತ್ತಾರೆ.

ಇನ್ನು ಊರು. ಇಡೀ ದ್ವೀಪ 13 ಚದರ ಕಿಲೋಮೀಟರ್, ಜನ ಸುಮಾರು 2,000. ಸಮುದ್ರದಿಂದ ನೆಟ್ಟಗೆ ಎದ್ದ ಜ್ವಾಲಾಮುಖಿ ಬೆಟ್ಟ ಇದು. ತುದಿಗೆ ಮೌಂಟ್ ಸೀನರಿ ಅಂತ ಹೆಸರು, ಎತ್ತರ 887 ಮೀಟರ್. ಇಡೀ ಡಚ್ ರಾಜ್ಯದಲ್ಲೇ ಇದಕ್ಕಿಂತ ಎತ್ತರದ ಜಾಗವಿಲ್ಲ. ಹತ್ತಲು 1,064 ಮೆಟ್ಟಿಲು. ಮೇಲೆ ಹೋದ ಹಾಗೆ ಮರಗಳ ಮೈಯೆಲ್ಲ ಪಾಚಿ, ಆಳೆತ್ತರ ಮೀರಿದ ಜರೀಗಿಡಗಳು, ಹತ್ತು ಹೆಜ್ಜೆ ಮುಂದಿರುವವರು ಕಾಣದಷ್ಟು ಮಂಜು, ನಮ್ಮ ಕುದುರೆಮುಖದ ಶೋಲಾ ಕಾಡಿನ ಹಾಗೇ. ಕೆರಿಬಿಯನ್ ಅಂದ ಕೂಡಲೇ ಮರಳ ದಂಡೆ ನೆನಪಾಗುತ್ತದೆ ಅಲ್ವಾ? ವರ್ಷವಿಡೀ ಇರುವ ಅಂಥ ಸಹಜ ದಂಡೆ ಇಲ್ಲಿಲ್ಲ. ವೆಲ್ಸ್ ಬೇ ಎನ್ನುವಲ್ಲಿ ವರ್ಷದ ಕೆಲವು ತಿಂಗಳು ಮರಳು ಬಂದು ಕೂರುತ್ತದೆ, ಆಮೇಲೆ ಸಮುದ್ರವೇ ಅದನ್ನು ಎಳೆದುಕೊಂಡು ಹೋಗುತ್ತದೆ. ಮಗಳಿಗೆ ಬೀಚ್ ತೋರಿಸುತ್ತೇನೆ ಅಂತ ಮಾತು ಕೊಡಬೇಡಿ. ನೀರೊಳಗೆ ಹೋಗುವ ಧೈರ್ಯ ಇದ್ದರೆ ಬೇರೆ ಮಾತು. 1987ರಿಂದ ದ್ವೀಪದ ಸುತ್ತಲಿನ ಸಮುದ್ರವೆಲ್ಲ ಸಂರಕ್ಷಿತ, ಹವಳ ನೋಡಲು ದೂರದಿಂದ ಜನ ಬರುತ್ತಾರೆ.

ಹಳ್ಳಿಗಳು ನಾಲ್ಕೇ: ಬಾಟಮ್, ವಿಂಡ್‌ವರ್ಡ್‌ಸೈಡ್, ಸೇಂಟ್ ಜಾನ್ಸ್, ಝಯಾನ್ಸ್ ಹಿಲ್. ಸರ್ಕಾರಿ ಕಚೇರಿ, ಆಸ್ಪತ್ರೆ, ನಿಮ್ಮವರ ಕಾಲೇಜು ಬಾಟಮ್‌ನಲ್ಲಿವೆ. ಮನೆಗಳೆಲ್ಲ ಬಿಳಿ ಗೋಡೆ, ಕೆಂಪು ಮಾಡು, ಹಸಿರು ಕಿಟಕಿ ಬಾಗಿಲು. ಕೆಲವು ಹಳೇ ಮನೆಗಳ ಅಂಗಳದಲ್ಲೇ ಹಿರಿಯರ ಸಮಾಧಿ ಇರುತ್ತದೆ. ಹೊಸಬರು ನೋಡಿ ಬೆಚ್ಚುತ್ತಾರೆ. ಇಲ್ಲಿಯವರಿಗೆ ಅಜ್ಜ ಮನೆಯಂಗಳದಲ್ಲೇ ಇರುವುದು ಸಹಜ.

ಈ ಜನರನ್ನು ಅರ್ಥ ಮಾಡಿಕೊಳ್ಳಬೇಕಾದರೆ ರಸ್ತೆಯ ಕತೆ ಗೊತ್ತಿರಬೇಕು. ಮೊದಲು ಇಲ್ಲಿ ಬಂದರಿರಲಿಲ್ಲ, ರಸ್ತೆಯಿರಲಿಲ್ಲ. ಪಶ್ಚಿಮದ ಬಂಡೆಗಳ ನಡುವೆ ಕಡಿದ ಸುಮಾರು 800 ಮೆಟ್ಟಿಲುಗಳೇ ಊರಿನ ಬಾಗಿಲು. ಅದಕ್ಕೆ ಲ್ಯಾಡರ್ ಅನ್ನುತ್ತಾರೆ. ದೋಣಿ ಅಲೆಯ ಮೇಲೆ ಕುಣಿಯುತ್ತಿರುವಾಗಲೇ ಸೊಂಟದವರೆಗಿನ ನೀರಿನಲ್ಲಿ ನಿಂತು ಸಾಮಾನು ಇಳಿಸಬೇಕು, ತಲೆಯ ಮೇಲೆ ಹೊತ್ತು ಹತ್ತಬೇಕು. ಅಕ್ಕಿ, ಮರದ ಹಲಗೆ, ಮಂಚ, ಪಿಯಾನೋ ಕೂಡ ಹೀಗೇ ಮೇಲೆ ಬಂದವು. ಬಂದ ಮೇಲೆ ಒಂದು ಸಲ ಆ ಮೆಟ್ಟಿಲು ಇಳಿದು ನೋಡಿ. ಬರಿಗೈಯಲ್ಲಿ ಹತ್ತಿದರೂ ಮಂಡಿ ನಡುಗುತ್ತದೆ. ಮೆಟ್ಟಿಲುಗಳು ಒಂದರ ಹಾಗೆ ಒಂದಿಲ್ಲ. ಕೆಲವು ಮೊಣಕಾಲೆತ್ತರ, ಕೆಲವಕ್ಕೆ ಅರ್ಧ ಪಾದ ಮಾತ್ರ ಹಿಡಿಸುತ್ತದೆ.

ಈ ಗುಡ್ಡದಲ್ಲಿ ರಸ್ತೆ ಸಾಧ್ಯವೇ ಇಲ್ಲ ಅಂತ ಎಂಜಿನಿಯರುಗಳು ಕೈ ಎತ್ತಿದರು. ಆಗ ಊರಿನವರೇ ಆದ ಜೋಸೆಫಸ್ ಲ್ಯಾಂಬರ್ಟ್ ಹ್ಯಾಸೆಲ್ ಅಂಚೆಯ ಮೂಲಕ ಸಿವಿಲ್ ಎಂಜಿನಿಯರಿಂಗ್ ಕಲಿತರು. 1938ರಲ್ಲಿ ಕೆಲಸ ಶುರು. ದೊಡ್ಡ ಯಂತ್ರಗಳಿರಲಿಲ್ಲ, ಕಲ್ಲು ಒಡೆದದ್ದು, ಗೋಡೆ ಕಟ್ಟಿದ್ದು ಎಲ್ಲ ಕೈಯಿಂದ. 1943ರಲ್ಲಿ ಕೆಳಗಿನ ಫೋರ್ಟ್ ಬೇ ದಡದಿಂದ ಬಾಟಮ್‌ವರೆಗೆ ರಸ್ತೆ ಬಂತು, 1947ರಲ್ಲಿ ಮೊದಲ ಗಾಡಿ ಬಂತು. ಮಿಕ್ಕ ಹಳ್ಳಿಗಳನ್ನು ಮುಟ್ಟಲು ಇನ್ನೂ ವರ್ಷಗಳು ಹಿಡಿದವು. ಇವತ್ತಿಗೂ ಅದೇ ರಸ್ತೆ. ಕಡಿದಾದ ತಿರುವು, ಒಂದು ಬದಿ ಕಲ್ಲಿನ ಗೋಡೆ, ಇನ್ನೊಂದು ಬದಿ ಕೆಳಗೆ ಸಮುದ್ರ. ಜನ ಅದಕ್ಕೆ ಹೇಳುವುದು ಬರೀ 'ದ ರೋಡ್' ಅಂತ.

ವಿಮಾನದ ಕತೆಯೂ ಹೀಗೇ. ಇಡೀ ದ್ವೀಪದಲ್ಲಿ ಸಪಾಟಾದ ಜಾಗ ಅಂದರೆ ಫ್ಲಾಟ್ ಪಾಯಿಂಟ್ ಒಂದೇ. ಊರಿನವರು ಅಲ್ಲಿನ ಕಲ್ಲುಗಳನ್ನು ಕೈಯಿಂದ ಎತ್ತಿ ಹಸನು ಮಾಡಿದರು. 1959ರಲ್ಲಿ ಸೇಂಟ್ ಬಾರ್ಥ್ಸ್ ದ್ವೀಪದ ಪೈಲಟ್ ರೆಮಿ ದ ಹೇನೆನ್ ಅಲ್ಲಿ ವಿಮಾನ ಇಳಿಸಿ ತೋರಿಸಿದರು. 1963ರಲ್ಲಿ ವಿಮಾನ ನಿಲ್ದಾಣವೇ ಆಯಿತು. ರನ್‌ವೇ 400 ಮೀಟರ್, ಪ್ರಯಾಣಿಕರ ವಿಮಾನ ಇಳಿಯುವ ರನ್‌ವೇಗಳಲ್ಲಿ ಜಗತ್ತಿನಲ್ಲೇ ಅತಿ ಚಿಕ್ಕದು ಅನ್ನುತ್ತಾರೆ. ಎರಡೂ ತುದಿಯಲ್ಲಿ ಸಮುದ್ರ. ಸಿಂಟ್ ಮಾರ್ಟನ್‌ನಿಂದ ಚಿಕ್ಕ ಟ್ವಿನ್ ಆಟರ್ ವಿಮಾನದಲ್ಲಿ ಕಾಲು ಗಂಟೆಯ ದಾರಿ. ಇಳಿಯುವಾಗ ಬಂಡೆ ತೀರಾ ಪಕ್ಕಕ್ಕೆ ಬಂದ ಹಾಗೆ ಕಾಣುತ್ತದೆ. ಹೆದರಬೇಡಿ, ಇಲ್ಲಿ ಇಳಿಸಲು ಪೈಲಟ್‌ಗಳಿಗೆ ಪ್ರತ್ಯೇಕ ತರಬೇತಿ ಇರುತ್ತದೆ. ಗಾಳಿ ಜಾಸ್ತಿ ಇದ್ದ ದಿನ ವಿಮಾನ ಬಿಡುವುದೇ ಇಲ್ಲ. ಅದಕ್ಕೇ ಭಾರತಕ್ಕೆ ಹೋಗುವಾಗ ಸಿಂಟ್ ಮಾರ್ಟನ್‌ನಲ್ಲಿ ಒಂದು ರಾತ್ರಿ ಇಟ್ಟುಕೊಂಡೇ ಟಿಕೆಟ್ ಮಾಡಬೇಕು. ಬೋಟೂ ಇದೆ, ಅಲೆ ಜೋರಿದ್ದರೆ ಹೊಟ್ಟೆ ತೊಳಸುತ್ತದೆ.

ಜನರ ಹಿನ್ನೆಲೆ ಕೇಳಿದ್ದಿರಿ. 1640ರ ಹೊತ್ತಿಗೆ ಪಕ್ಕದ ಸಿಂಟ್ ಯುಸ್ಟೇಷಿಯಸ್‌ನಿಂದ ಡಚ್ಚರು ಬಂದು ನೆಲೆಯಾದರು. ಆಮೇಲೆ ಇಂಗ್ಲಿಷರು, ಫ್ರೆಂಚರು, ಕಡಲ್ಗಳ್ಳರು ಅಂತ ಕೈ ಬದಲಾಗಿ, 1816ರಲ್ಲಿ ದ್ವೀಪ ಡಚ್ಚರಿಗೇ ಉಳಿಯಿತು. ನೆಲ ಕಡಿದಾದ್ದರಿಂದ ದೊಡ್ಡ ಕಬ್ಬಿನ ತೋಟಗಳು ಆಗಲಿಲ್ಲ. ಚಿಕ್ಕ ಹೊಲಗಳಲ್ಲಿ ಒಡೆಯರೂ ಗುಲಾಮರೂ ಒಟ್ಟಿಗೆ ದುಡಿದರು ಅಂತ ಕೆಲವರು ಹೇಳುತ್ತಾರೆ. ಇರಬಹುದು, ಆದರೆ ಒಟ್ಟಿಗೆ ಗುದ್ದಲಿ ಹಿಡಿದ ಮಾತ್ರಕ್ಕೆ ಇಬ್ಬರೂ ಸಮ ಆಗುವುದಿಲ್ಲ. ಒಬ್ಬ ಇನ್ನೊಬ್ಬನನ್ನು ಮಾರಬಹುದಿತ್ತು. ಅದು ನಿಂತದ್ದು 1863ರಲ್ಲಿ. ಇವತ್ತು ಹ್ಯಾಸೆಲ್, ಜಾನ್ಸನ್ ಅನ್ನುವ ಹೆಸರು ಬಿಳಿಯರಲ್ಲೂ ಇದೆ, ಕರಿಯರಲ್ಲೂ ಇದೆ. ಈಚೆಗೆ ಕೊಲಂಬಿಯಾ, ಡೊಮಿನಿಕನ್ ರಿಪಬ್ಲಿಕ್, ಫಿಲಿಪ್ಪೀನ್ಸ್ ಕಡೆಯಿಂದಲೂ ಜನ ಬಂದು ಸೇರಿದ್ದಾರೆ.

ಗಂಡಸರು ಹಡಗಿನ ಕೆಲಸಕ್ಕೆ, ಆಮೇಲೆ ಅರೂಬಾ, ಕುರಸಾವ್ ದ್ವೀಪಗಳ ತೈಲ ಕಾರ್ಖಾನೆಗಳಿಗೆ ಹೋಗುತ್ತಿದ್ದರು. ಮನೆ ನಡೆಸಿದ್ದು ಹೆಂಗಸರು. ಗರ್ಟ್ರೂಡ್ ಜಾನ್ಸನ್ ಎನ್ನುವವರು ವೆನೆಜುವೆಲಾದ ಕಾನ್ವೆಂಟಿನಲ್ಲಿ ಕಲಿತ ಕಸೂತಿಯನ್ನು 1870ರ ದಶಕದಲ್ಲಿ ಇಲ್ಲಿಗೆ ತಂದರು. ಅದನ್ನೇ ಸೇಬಾ ಲೇಸ್ ಅನ್ನುವುದು. ಬಟ್ಟೆಯ ಎಳೆಗಳನ್ನು ಒಂದೊಂದಾಗಿ ಸೂಜಿಯಿಂದ ಎಳೆದು ತೆಗೆಯುತ್ತಾರೆ. ಉಳಿದ ಎಳೆಗಳನ್ನು ಗುಂಪು ಗುಂಪಾಗಿ ಬಿಗಿದು ಜೇಡರ ಬಲೆಯಂತೆ, ಹೂವಿನಂತೆ ಕಟ್ಟುತ್ತಾರೆ. ಒಂದೆಳೆ ತಪ್ಪಿ ಕತ್ತರಿಸಿದರೆ ಆ ಸಾಲೇ ಹೋಯಿತು. ಹೆಂಗಸರು ಅಮೆರಿಕಕ್ಕೆ ಪತ್ರ ಬರೆದು, ಅಂಚೆಯಲ್ಲೇ ಇದನ್ನು ಮಾರಿ ಮಕ್ಕಳನ್ನು ಸಾಕಿದರು. ಈಗ ಮಾಡುವವರು ಕಡಿಮೆಯಾಗಿದ್ದಾರೆ, ಇರುವವರಿಗೂ ವಯಸ್ಸಾಗಿದೆ. ವಿಂಡ್‌ವರ್ಡ್‌ಸೈಡ್‌ನಲ್ಲಿ ಸೇರಿ ಕೂತು ಹೆಣೆಯುತ್ತಾರೆ. ನಿಮಗೆ ಕಸೂತಿ ಬರುತ್ತದೆ ಅಂತ ಬರೆದಿದ್ದೀರಲ್ಲ, ಹೋಗಿ ಪಕ್ಕದಲ್ಲಿ ಕೂರಿ. ನನ್ನ ಗೆಳೆತನಗಳೆಲ್ಲ ಶುರುವಾದದ್ದು ಅಲ್ಲೇ. ಇದು ಅವರ ಜೊತೆಗೇ ಮುಗಿದುಹೋಗಬಾರದು ಅನ್ನುವ ಆಸೆ ನನಗಿದೆ.

ದಾರಿಯಲ್ಲಿ ಯಾರೇ ಎದುರಾದರೂ 'ಗುಡ್ ಮಾರ್ನಿಂಗ್' ಹೇಳಲೇಬೇಕು. ಅಂಗಡಿಗೆ ಹೋಗಿ ನೇರ ಸಾಮಾನು ಕೇಳಿದರೆ ಒರಟು ಅಂದುಕೊಳ್ಳುತ್ತಾರೆ. ನಡೆದು ಹೋಗುತ್ತಿದ್ದರೆ ಗಾಡಿ ನಿಲ್ಲಿಸಿ ಹತ್ತಿಸಿಕೊಳ್ಳುತ್ತಾರೆ. ನಿಮ್ಮ ಮಗಳು ಶಾಲೆಯಿಂದ ಬರುವ ದಾರಿಯಲ್ಲಿ ಅವಳು ಯಾರ ಮಗಳು ಅಂತ ಎಲ್ಲರಿಗೂ ಗೊತ್ತಿರುತ್ತದೆ. ಆದರೆ ನಿಮ್ಮ ಮನೆಯ ವಿಷಯವೂ ಸಂಜೆಯೊಳಗೆ ಊರಿಗೆಲ್ಲ ಗೊತ್ತಾಗುತ್ತದೆ, ಅದಕ್ಕೂ ಸಿದ್ಧರಾಗಿ.

ದಿನದ ಬದುಕಿನಲ್ಲಿ ಮೊದಲ ಪಾಠ ನೀರಿನದು. ಇಲ್ಲಿ ನದಿಯಿಲ್ಲ. ಮಾಡಿನ ಮಳೆನೀರು ಪೈಪಿನಲ್ಲಿ ಇಳಿದು ಮನೆಯ ಕೆಳಗಿನ ಸಿಸ್ಟರ್ನ್ ಎನ್ನುವ ಟ್ಯಾಂಕಿಗೆ ಹೋಗುತ್ತದೆ. ನಾನು ಕುಂದಾಪುರದ ಕಡೆಯವಳು, ಮಳೆಗೆ ಬೆಲೆ ಕಟ್ಟಿದವಳಲ್ಲ. ಇಲ್ಲಿ ಮುಚ್ಚಳ ತೆಗೆದು ಕೋಲು ಇಳಿಸಿ ಎಷ್ಟು ನೀರಿದೆ ಅಂತ ನೋಡುವುದು ಅಭ್ಯಾಸವಾಗಿದೆ. ಬಿಸಿಲು ಹೆಚ್ಚಾದ ವರ್ಷ ಲಾರಿ ನೀರು ಕೊಳ್ಳಬೇಕಾಗುತ್ತದೆ, ಅದು ದುಬಾರಿ.

ಸಾಮಾನೆಲ್ಲ ಹಡಗಿನಲ್ಲಿ ಬರುವುದರಿಂದ ತರಕಾರಿಗೂ ಬೆಲೆ ಜಾಸ್ತಿ. ಬೇಳೆ, ಮಸಾಲೆ ಸಿಂಟ್ ಮಾರ್ಟನ್‌ನಿಂದ ತರಿಸಿಕೊಳ್ಳುತ್ತೇವೆ. ಅಲ್ಲಿ ಫಿಲಿಪ್ಸ್‌ಬರ್ಗ್‌ನ ಫ್ರಂಟ್ ಸ್ಟ್ರೀಟ್‌ನಲ್ಲಿ ಸಿಂಧಿ ವ್ಯಾಪಾರಿಗಳ ಚಿನ್ನದ ಅಂಗಡಿ, ಎಲೆಕ್ಟ್ರಾನಿಕ್ಸ್ ಅಂಗಡಿಗಳು ಎಷ್ಟೋ ಇವೆ. ಜೀಗುಜ್ಜೆ, ಪಪ್ಪಾಯಿ, ಕೆಸುವಿನ ಗೆಡ್ಡೆ ಇಲ್ಲೇ ಬೆಳೆಯುತ್ತವೆ. ಜೀಗುಜ್ಜೆ ಪೋಡಿ ಮಾಡಿ ಪಕ್ಕದ ಮನೆಗೆ ಕೊಟ್ಟು ನೋಡಿ, ಬಟ್ಟಲು ಖಾಲಿ ವಾಪಸ್ ಬರುವುದಿಲ್ಲ.

ಆಸ್ಪತ್ರೆ ಚಿಕ್ಕದು. ಇಲ್ಲಿ ವಾಸದ ಪರವಾನಗಿ ಇದ್ದವರಿಗೆ ಸರ್ಕಾರದ ಆರೋಗ್ಯ ವಿಮೆ ಇದೆ. ದೊಡ್ಡ ಕಾಯಿಲೆ, ಹೆರಿಗೆ ಅಂದರೆ ಸಾಮಾನ್ಯವಾಗಿ ದ್ವೀಪ ಬಿಟ್ಟು ಹೋಗಬೇಕು. ಎರಡನೇ ಮಗುವಿನ ಯೋಚನೆ ಇದ್ದರೆ ಇದನ್ನು ಮನಸ್ಸಿನಲ್ಲಿಟ್ಟುಕೊಳ್ಳಿ.

ಜೂನ್‌ನಿಂದ ನವೆಂಬರ್‌ವರೆಗೆ ಚಂಡಮಾರುತದ ಕಾಲ. 2017ರ ಸೆಪ್ಟೆಂಬರ್‌ನಲ್ಲಿ ಇರ್ಮಾ ಬಂತು, ಎರಡು ವಾರದೊಳಗೆ ಮರಿಯಾ. ಸಿಂಟ್ ಮಾರ್ಟನ್ ನೆಲಕಚ್ಚಿತು. ನಮ್ಮ ಅನ್ನ, ಔಷಧಿ, ವಿಮಾನ ಎಲ್ಲ ಆ ದಾರಿಯಲ್ಲೇ ಬರುವುದರಿಂದ ಅಲ್ಲಿ ಪೆಟ್ಟು ಬಿದ್ದರೆ ಇಲ್ಲಿಗೂ ಬಿದ್ದ ಹಾಗೆ. ಅದಕ್ಕೆ ಆ ತಿಂಗಳುಗಳಲ್ಲಿ ಅಕ್ಕಿ ಬೇಳೆ, ಬ್ಯಾಟರಿ, ಔಷಧಿ ಜಾಸ್ತಿ ಇಟ್ಟುಕೊಳ್ಳುತ್ತೇವೆ. ಮನೆಗಳು ಗಟ್ಟಿಯಾಗಿವೆ. ಗಾಳಿ ನಿಂತ ಕೂಡಲೇ ಯಾರ ಮಾಡು ಹೋಯಿತು ಅಂತ ನೋಡಿಕೊಂಡು ಜನ ಸುತ್ತಿಗೆ ಹಿಡಿದು ಬರುತ್ತಾರೆ.

ಮನೆ ಎಲ್ಲಿ ಮಾಡಲಿ ಅಂತ ಕೇಳಿದ್ದಿರಿ. ಕಾಲೇಜಿನ ಹತ್ತಿರ ಬೇಕಾದರೆ ಬಾಟಮ್, ತಂಪು ಬೇಕಾದರೆ ವಿಂಡ್‌ವರ್ಡ್‌ಸೈಡ್. ನನ್ನನ್ನು ಕೇಳಿದರೆ ವಿದ್ಯಾರ್ಥಿಗಳೇ ತುಂಬಿರುವ ಕಟ್ಟಡ ಬೇಡ, ಅಕ್ಕಪಕ್ಕ ಊರಿನವರು ಇರುವ ಕಡೆ ನೋಡಿ. ಬಾಡಿಗೆ ಮಾತಾಡುವ ಮೊದಲು ಸಿಸ್ಟರ್ನ್ ಎಷ್ಟು ದೊಡ್ಡದು, ಕೊನೆಯ ಸಲ ಯಾವಾಗ ತೊಳೆಸಿದ್ದು ಅಂತ ವಿಚಾರಿಸಿ. ಕರಿಬೇವಿನ ಗಿಡ ತರಬೇಡಿ, ಗಿಡ ಮಣ್ಣು ತರುವುದಕ್ಕೆ ಕಸ್ಟಮ್ಸ್‌ನಲ್ಲಿ ತೊಂದರೆಯಾಗುತ್ತದೆ. ನಮ್ಮ ಹಿತ್ತಲಲ್ಲಿದೆ, ಬಂದ ಮೇಲೆ ಒಂದು ಸಸಿ ಕೊಡುತ್ತೇನೆ.